ಕುಟ್ಟುಗಿವಿ

ಮಾವಳ್ಳಿ ಕಾಡಿನ ಅಂಚಿನಲ್ಲಿ ದಾರಿಹಾಸುಕ ತಾನಾಗಿಯೇ ನಿಂತಿತು. ಅದನ್ನು ನಡೆಸುವವನೇ ಇಲ್ಲದ ಮೇಲೆ ನಿಲ್ಲಿಸುವವನು ಎಲ್ಲಿಂದ ಬರಬೇಕು? ಎರಡು ಅಂತಸ್ತಿನ ಮನೆಯಷ್ಟು ಎತ್ತರದ ಆ ಯಂತ್ರ, ಮುಂದಿನ ಕೈಗಳಿಂದ ಮರ ತೆಗೆಯುತ್ತ, ಹೊಟ್ಟೆಯೊಳಗೆ ಕಲ್ಲು ಅರೆಯುತ್ತ, ಹಿಂದಿನಿಂದ ಬಿಸಿ ಬಿಸಿ ರಸ್ತೆಯನ್ನು ಹಾಸುತ್ತ, ದಿನಕ್ಕೆ ಮುನ್ನೂರು ಮೀಟರಿನಂತೆ ಹಳಿಯಾಳದ ಕಡೆಯಿಂದ ಬಂದಿತ್ತು. ಈಗ ಎತ್ತಿದ ಕೈ ಎತ್ತಿದಂತೆಯೇ ಉಳಿಯಿತು. ಕಾಡಿನೊಳಗಿಂದ ಸದ್ದೊಂದು ಬರುತ್ತಿತ್ತು. ಮೊದಲು ನಿಧಾನವಾಗಿ, ಆಮೇಲೆ ಬೇಗ ಬೇಗ, ಕೊನೆಗೆ ಒಂದಕ್ಕೊಂದು ಅಂಟಿಕೊಂಡಂತೆ: ಟಕ್, ಟಕ್, ಟಕ್ ಟಕ್, ಟಕಟಕಟಕ.

ಯಂತ್ರದ ಬದಿಯ ದೊಡ್ಡ ಪರದೆಯ ಮೇಲೆ ಅಕ್ಷರಗಳು ಮೂಡಿದವು. ‘ಕರಿ ಮರಕುಟಿಗ. ಗಂಡು. ವಯಸ್ಕ. ಆರೋಗ್ಯ ಉತ್ತಮ. ದೂರ ಇನ್ನೂರ ಹತ್ತು ಮೀಟರ್.’

ಶಾಮಿಯಾನದ ಕೆಳಗೆ ಕುಳಿತಿದ್ದ ಅಧಿಕಾರಿಗಳು ಚಪ್ಪಾಳೆ ತಟ್ಟಿದರು. ದಾರಿಹಾಸುಕ ಕೈಗಳನ್ನು ಮಡಿಸಿಕೊಂಡು, ದೊಡ್ಡವರ ಎದುರು ಬಂದುಬಿಟ್ಟ ಸೊಸೆಯ ಹಾಗೆ ನಾಲ್ಕು ಹೆಜ್ಜೆ ಹಿಂದೆ ಸರಿದು, ಮೂತಿಯನ್ನು ಎಡಕ್ಕೆ ತಿರುಗಿಸಿತು. ಒಂದು ಹಕ್ಕಿಯ ಮಾತಿಗೆ ಹೆದ್ದಾರಿ ದಾರಿ ಬಿಟ್ಟುಕೊಟ್ಟದ್ದು ಇದೇ ಮೊದಲು ಎಂದು ಧ್ವನಿವರ್ಧಕದಲ್ಲಿ ಯಾರೋ ಸಾರಿದರು.

“ನೋಡ್ರಿ ಮೇಡಂ, ರಸ್ತೆಗೂ ಮರ್ಯಾದಿ ಕಲಿಸಿಬಿಟ್ರಿ ನೀವು,” ಎಂದ ಹೆದ್ದಾರಿಯ ಎಂಜಿನಿಯರ್ ಗುರುನಾಥ ಶಿರಹಟ್ಟಿ. ಅವನು ಹೇಳಿದ್ದು ಡಾಕ್ಟರ್ ಇಂದುಮತಿ ಹಂಚಿನಮನಿಗೆ. ಧಾರವಾಡದ ಪಕ್ಷಿವಿಜ್ಞಾನಿ ಆಕೆ. ಎಂಟು ವರ್ಷ ದುಡಿದದ್ದು ಈ ಒಂದು ನಿಮಿಷಕ್ಕಾಗಿ. ಕಣ್ಣೊರೆಸಿಕೊಳ್ಳುತ್ತ ನಿಂತಳು.

ಸ್ವಲ್ಪ ಹೊತ್ತಿಗೆ ಅದೇ ಕಾಡಿನೊಳಗಿಂದ ಬಸ್ತ್ಯಾಂವ ಸಿದ್ದಿ ಹೊರಗೆ ಬಂದ. ಅರವತ್ತರ ಹತ್ತಿರದ ಕಾಡುಕಾವಲುಗಾರ, ಸೊಂಟದಲ್ಲಿ ಮೊಳದುದ್ದದ ಬಿದಿರಿನ ಬಡಿಗೆ. ಸಮಾರಂಭಕ್ಕೆ ಬಾ ಎಂದು ಇಂದುಮತಿ ಹೇಳಿ ಕಳಿಸಿದ್ದಳು, ಅವನು ತಡವಾಗಿ ಬಂದಿದ್ದ.

“ಏನಾತ್ರಿ ಬಾಯಾರ, ಯಾಕ ಚಪ್ಪಾಳಿ?”

“ನಿನ್ನ ಹಕ್ಕಿ ರಸ್ತಾನ ತಿರುಗಿಸ್ತು ಬಸ್ತ್ಯಾಂವಣ್ಣ! ಈಗ ಅಲ್ಲೇ ಕುಟ್ತು. ನೀ ಬಂದ ದಾರ್ಯಾಗ.”

ಬಸ್ತ್ಯಾಂವ ತಿರುಗಿ ಕಾಡನ್ನು ನೋಡಿದ. “ನಾ ಅದ ದಾರ್ಯಾಗ ಬಂದೆನಲ್ರಿ. ಹಕ್ಕಿ ಯಾವದೂ ಕಾಣ್ಲಿಲ್ಲ.”

“ನಿನ್ನ ಕಣ್ಣಿಗೆ ಕಾಣದ್ದು ಇದರ ಕಿವಿಗೆ ಕೇಳಸ್ತದ,” ಎಂದು ಇಂದುಮತಿ ನಕ್ಕಳು. ಅವನೂ ನಕ್ಕ. ಓದಿದವರು ನಕ್ಕಾಗ ನಗುವುದು ಅವನ ಅಭ್ಯಾಸ.

ಆ ಕಿವಿಗೆ ಅವಳಿಟ್ಟ ಹೆಸರು ಕುಟ್ಟುಗಿವಿ. ನೋಡಲು ನೆಲ್ಲಿಕಾಯಿಯಷ್ಟು ದಪ್ಪ. ಅದನ್ನು ಮರದ ಕಾಂಡಕ್ಕೆ ತಿರುಪಿ ಕೂರಿಸಿದರೆ ಮರವೇ ಅದಕ್ಕೆ ತಮಟೆ. ಮರಕುಟಿಗ ಕುಟ್ಟುವುದು ಹುಳು ಹುಡುಕುವುದಕ್ಕೆ ಮಾತ್ರವಲ್ಲ. ಒಣಗಿದ ಪೊಳ್ಳು ಮರವನ್ನು ಆರಿಸಿ, ಇದು ನನ್ನ ಸೀಮೆ ಎಂದು ಡಂಗುರ ಸಾರುತ್ತದೆ, ಹೆಣ್ಣನ್ನು ಕರೆಯುತ್ತದೆ. ಪ್ರತಿ ಜಾತಿಯ ಕುಟ್ಟಿಗೂ ಅದರದೇ ಎಣಿಕೆ, ಅದರದೇ ಬಿಡುವು. ಕುಟ್ಟಿನ ಈ ಕೈಬರಹವನ್ನು ಇಂದುಮತಿ ಕಂಪನಲಿಪಿ ಎಂದು ಕರೆದಳು. ಕುಟ್ಟುಗಿವಿ ಅದನ್ನು ಓದಿ, ಕುಟ್ಟಿದ್ದು ಯಾವ ಹಕ್ಕಿ, ಗಂಡೋ ಹೆಣ್ಣೋ, ಎಳೆಯದೋ ಬಲಿತದ್ದೋ, ಗಟ್ಟಿಯಾಗಿದೆಯೋ ಕಾಯಿಲೆಯೋ ಎಂದು ಹೇಳುತ್ತಿತ್ತು. ಎರಡು ಸಾವಿರದ ನಾನೂರು ಕುಟ್ಟುಗಿವಿಗಳನ್ನು ಮಾವಳ್ಳಿ ಕಾಡಿಗೆ ಜಡಿದಿದ್ದರು. ಕರಿ ಮರಕುಟಿಗ ಕಾಗೆಗಿಂತ ತುಸು ದೊಡ್ಡದು, ಮೈಯೆಲ್ಲ ಕಪ್ಪು, ಹೊಟ್ಟೆ ಬಿಳಿ, ತಲೆ ಕೆಂಪು. ಆ ಹಕ್ಕಿ ಎರಡು ಸಾವಿರದ ಐವತ್ತೆಂಟನೆಯ ಇಸವಿಯ ಹೊತ್ತಿಗೆ ಈ ಸೀಮೆಯಲ್ಲಿ ಉಳಿದಿದ್ದದ್ದು ಈ ಕಾಡೊಂದರಲ್ಲೇ.

ಹೆದ್ದಾರಿಗೆ ಮೊದಲು ಅಡ್ಡ ಮಲಗಿದವಳೂ ಇಂದುಮತಿಯೇ. ಮೂರು ವರ್ಷ ಜಗಳ ನಡೆಯಿತು. ರಸ್ತೆಯ ಕಡೆಯವರು ಸಾಕ್ಷಿಗಳನ್ನು ಕರೆತಂದು ಈ ಕಾಡಿನಲ್ಲಿ ಒಂದು ಹಕ್ಕಿಯೂ ಇಲ್ಲ ಎಂದು ಹೇಳಿಸಿದರು. ಕಾಡಿನ ಕಡೆಯವರೂ ಏನು ಕಡಿಮೆ ಇರಲಿಲ್ಲ. ಮರಕ್ಕೊಂದು ಹಕ್ಕಿ ಇದೆ ಎಂದು ಪ್ರಮಾಣ ಮಾಡಿದರು. ರೋಸಿಹೋದ ಇಂದುಮತಿ ಹಾವೂ ಸಾಯದ ಕೋಲೂ ಮುರಿಯದ ದಾರಿಯೊಂದನ್ನು ಮುಂದಿಟ್ಟಳು. ಕುಟ್ಟು ಕೇಳಿದ ಕಡೆ ಮರ ಮುಟ್ಟಬಾರದು. ಹತ್ತು ದಿನ ಕುಟ್ಟು ಕೇಳದ ಕಡೆ ರಸ್ತೆ ಹೋಗಬಹುದು. ಕುಟ್ಟು ಕೇಳಿತೋ ಇಲ್ಲವೋ ಎಂದು ಹೇಳುವುದು ಕುಟ್ಟುಗಿವಿ ಮಾತ್ರ, ಮನುಷ್ಯರಲ್ಲ. ಅದು ಹೇಳಿದಂತೆ ರಸ್ತೆಯ ದಾರಿ ಗೊತ್ತುಮಾಡುವುದು ಯಂತ್ರದೊಳಗಿನ ದಾರಿಗಣಕ. ‘ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು’ ಎಂಬ ಗಾದೆಯನ್ನು ಸಭೆಯಲ್ಲಿ ಹೇಳಿ, ಮನುಷ್ಯಸಾಕ್ಷಿಗೆ ಅವಕಾಶವೇ ಇಲ್ಲದಂತೆ ಒಂಬತ್ತನೆಯ ಕಲಮನ್ನು ತನ್ನ ಕೈಯಾರೆ ಬರೆದುಕೊಟ್ಟಳು. ಕಾಯ್ದೆಯಾಯಿತು. ಎಲ್ಲರೂ ಸಹಿ ಹಾಕಿದರು.

ಬಿದಿರುದಾರಿ ಎಂದು ಕರೆಯುವ ಹಳೆಯ ಕಾಲುದಾರಿಯ ಸುತ್ತ ಕುಟ್ಟುಗಿವಿಗಳು ಹನ್ನೊಂದು ಗಂಡುಹಕ್ಕಿಗಳನ್ನು ಲೆಕ್ಕ ಹಾಕಿದ್ದವು. ಅದಕ್ಕೇ ಸಮಾರಂಭದ ದಿನ ಯಂತ್ರ ಎಡಕ್ಕೆ ತಿರುಗಿತು. ಎಡಕ್ಕೆ ಇದ್ದದ್ದು ಹೊನ್ನೆಕೊಳ್ಳ.

ಮಾರನೆಯ ಬೆಳಿಗ್ಗೆ ಬಸ್ತ್ಯಾಂವ ಶಿಬಿರದ ಬಾಗಿಲಿಗೆ ಬಂದು ನಿಂತ.

“ಬಾಯಾರ, ಯಂತ್ರ ಹೊನ್ನೆಕೊಳ್ಳದ ಕಡೆ ಮಾರಿ ಮಾಡೇತ್ರಿ.”

“ಹೌದು. ಅಲ್ಲೇನೂ ಇಲ್ಲಲ್ಲ.”

“ಇಲ್ಲ ಅಂದ್ರ? ಅಲ್ಲೇ ಅದಾವ್ರಿ ಹಕ್ಕಿ! ಖರೇ ಹೇಳ್ಬೇಕಂದ್ರ ಈಗ ಅಲ್ಲೇ ಅಷ್ಟ ಅದಾವು. ದೊಡ್ಡ ಮತ್ತಿ ಮರದಾಗ ಗೂಡು ಮಾಡ್ಯಾವು. ಜೋಡಿ ಕಾವಿಗೆ ಕುಂತೈತಿ.”

ಇಂದುಮತಿ ಪರದೆ ತೆರೆದು ನೋಡಿದಳು. ಹೊನ್ನೆಕೊಳ್ಳದ ಎಂಬತ್ತು ಕುಟ್ಟುಗಿವಿಗಳ ಮುಂದೆ ಒಂದೇ ಮಾತು: ನಿಶ್ಶಬ್ದ. ಆರು ದಿನಗಳಿಂದ ನಿಶ್ಶಬ್ದ. ಕಾವಿಗೆ ಕೂತ ಮರಕುಟಿಗ ಡಂಗುರ ಸಾರುವುದಿಲ್ಲ ಎಂಬುದು ಅವಳಿಗೆ ತಿಳಿಯದ್ದೇನಲ್ಲ. ಹಾಗೆಂದೇ ಗೂಡಿನೊಳಗಿನ ಸಣ್ಣ ಸದ್ದನ್ನೂ ಹಿಡಿಯುವಂತೆ ಕುಟ್ಟುಗಿವಿಯನ್ನು ಪಳಗಿಸಿದ್ದಳು. ಗೂಡಿದ್ದರೆ ಕೇಳಿಸಲೇಬೇಕಿತ್ತು. ಆದರೂ ಬಸ್ತ್ಯಾಂವ ಸುಳ್ಳು ಹೇಳುವವನಲ್ಲ. ಎದ್ದು ಚಪ್ಪಲಿ ಮೆಟ್ಟಿದಳು.

ಹೊನ್ನೆಕೊಳ್ಳದ ಅಂಚಿಗೆ ಬಂದಾಗ ಬಸ್ತ್ಯಾಂವ ಮಾತು ನಿಲ್ಲಿಸಿದ. ಬೆರಳಿನಿಂದಲೇ ಮತ್ತಿ ಮರ ತೋರಿಸಿದ. ಮೂವತ್ತಡಿ ಮೇಲೆ ಕರಿಯ ತೂತು. ಬುಡದಲ್ಲಿ ಹೊಸ ಮರದ ಚಕ್ಕೆಗಳು ಅಂಗೈಯಷ್ಟು ಅಗಲ. ಮುಕ್ಕಾಲು ಗಂಟೆ ಕೂತ ಮೇಲೆ ತೂತಿನಲ್ಲಿ ಕೆಂಪು ತಲೆಯೊಂದು ಇಣುಕಿ, ಅವರನ್ನು ನೋಡಿ, ಒಳಗೆ ಹೋಯಿತು. ಇಂದುಮತಿಗೆ ಮೈ ಜುಮ್ಮೆಂದಿತು, ಹಿಂದೆಯೇ ಹೆದರಿಕೆಯಾಯಿತು. ಉಳಿದಿದ್ದದ್ದು ನಾಲ್ಕು ದಿನ.

“ಒಮ್ಮೆ ಕುಟ್ಟಿದ್ರ ಸಾಕಿತ್ತು,” ಎಂದು ಪಿಸುಗುಟ್ಟಿದಳು. “ಒಂದ ಸಲ. ಇದನ್ನ ಹೆಂಗರೆ ಮಾಡಿ ಕುಟ್ಟಸಾಕ ಆಗ್ತದೇನು?”

ಬಸ್ತ್ಯಾಂವ ಗಾಬರಿಯಿಂದ ಅವಳ ಮುಖ ನೋಡಿದ. “ಛೆ ಛೆ, ಇಲ್ಲಿ ಬ್ಯಾಡ್ರಿ. ಬಾಣಂತಿ ಮನಿ ಬಾಗ್ಲ ಯಾರರೆ ಬಡೀತಾರೇನ್ರಿ?”

ಅವನು ಏನು ಹೇಳುತ್ತಿದ್ದಾನೆಂದು ಅವಳು ಆಗ ಕೇಳಲಿಲ್ಲ. ಹಳ್ಳಿಯವರ ಒಂದು ಚಂದದ ಮಾತು ಎಂದುಕೊಂಡಳು. ವಿಜ್ಞಾನಿಗಳಿಗೆ ಇಂಥ ಮಾತುಗಳನ್ನು ಮೆಚ್ಚಿಕೊಳ್ಳುವ ಚಟವಿರುತ್ತದೆ, ಕೇಳಿ ತಿಳಿದುಕೊಳ್ಳುವ ಚಟವಿರುವುದಿಲ್ಲ.

ಗುರುನಾಥ ಕೆಟ್ಟವನಲ್ಲ. ಅವಳ ಮೊಬೈಲಿನ ಚಿತ್ರಗಳನ್ನೆಲ್ಲ ತಾಳ್ಮೆಯಿಂದ ನೋಡಿದ. ಆಮೇಲೆ ಮೇಜಿನ ಮೇಲಿಟ್ಟ.

“ಮೇಡಂ, ಹಕ್ಕಿ ಐತಿ. ನಾನೂ ನೋಡ್ತೇನಿ, ಐತಿ. ಆದ್ರ ದಾರಿಗಣಕಕ್ಕ ನಾ ಏನಂತ ಹೇಳ್ಲಿ? ಅದಕ್ಕ ಚಿತ್ರ ಹಾಕೂ ಬಾಗಲಾನ ಇಲ್ಲ. ನೀವ ಮುಚ್ಚಿಸೀರಿ.”

“ಗುರುನಾಥ, ಯಂತ್ರ ಬಂದ್ ಮಾಡ್ರಿ. ಹದಿನೈದ ದಿನ ಸಾಕು.”

“ನನ್ನ ಕಡೆ ಬಂದ್ ಮಾಡೂ ಗುಂಡೀನೂ ಇಲ್ರಿ. ಯಾರರೆ ಲಂಚಾ ಕೊಟ್ಟು ನಿಲ್ಲಸ್ತಾರ, ಇಲ್ಲಾ ನಡಸ್ತಾರ ಅಂತ ಅದನ್ನೂ ನೀವ ತಗಸೀರಿ. ನೆನಪೈತಿಲ್ಲೋ?”

ನೆನಪಿತ್ತು. ಆ ದಿನ ಅವಳು ಮೇಜು ಗುದ್ದಿ ಮಾತಾಡಿದ್ದಳು. ಬೆಂಗಳೂರಿಗೆ ಫೋನ್ ಮಾಡಿದಳು, ದಿಲ್ಲಿಗೆ ಬರೆದಳು. ಎಲ್ಲ ಕಡೆಯಿಂದ ಮರ್ಯಾದೆಯ ಉತ್ತರಗಳು ಬಂದವು. ಒಂಬತ್ತನೆಯ ಕಲಮಿನ ಪ್ರಕಾರ ಮನುಷ್ಯಸಾಕ್ಷಿ ಸ್ವೀಕಾರಾರ್ಹವಲ್ಲ. ಕಲಮನ್ನು ಇಷ್ಟು ಬಿಗಿಯಾಗಿ ಬರೆದುಕೊಟ್ಟ ತಮಗೆ ಇಲಾಖೆ ಋಣಿಯಾಗಿದೆ.

ಐದನೆಯ ದಿನ ಹನ್ನೊಂದು ಗಂಟೆಗೆ ದಾರಿಹಾಸುಕ ಮತ್ತಿ ಮರದ ಮುಂದೆ ನಿಂತಿತು. ನೂರು ಮೀಟರ್ ದೂರದ ಬೇಲಿಯಾಚೆ ಇಂದುಮತಿ ಮತ್ತು ಬಸ್ತ್ಯಾಂವ ಇದ್ದರು. ಬಸ್ತ್ಯಾಂವ ಬೇಲಿ ಹಾರಲು ಹೋದ, ಕಾವಲಿನವರು ಹಿಡಿದುಕೊಂಡರು. ಅವನು ಹಾಕಿದ ಕೂಗು ಇಡೀ ಕೊಳ್ಳಕ್ಕೆ ಕೇಳಿಸಿತು, ಎಂಬತ್ತು ಕುಟ್ಟುಗಿವಿಗಳಿಗೂ ಕೇಳಿಸಿರಬೇಕು. ಮನುಷ್ಯನ ಕೂಗಿಗೆ ಅವುಗಳಲ್ಲಿ ಕಾಲಂ ಇರಲಿಲ್ಲ.

ಯಂತ್ರ ಮರವನ್ನು ಬುಡದಲ್ಲಿ ಕತ್ತರಿಸಿ, ಅಪ್ಪಿ ಹಿಡಿದು, ಮಗುವನ್ನು ತೊಟ್ಟಿಲಲ್ಲಿ ಮಲಗಿಸುವಷ್ಟು ನಯವಾಗಿ ನೆಲಕ್ಕಿಟ್ಟಿತು. ಕಾಡಿಗೆ ಆಘಾತವಾಗಬಾರದು ಎಂಬ ಷರತ್ತಿನ ಮೇಲೆ ಮಾಡಿಸಿದ ಕೈ ಅದು. ಆ ಷರತ್ತೂ ಇಂದುಮತಿಯದೇ. ಆಮೇಲೆ ಮೂರು ಮೂರು ಮೀಟರಿನ ತುಂಡುಗಳಾಗಿ ಕೊಯ್ದು ಬದಿಗೆ ಜೋಡಿಸಿ ಮುಂದೆ ಸಾಗಿತು. ಎಲ್ಲ ಸೇರಿ ಏಳು ನಿಮಿಷ ಹಿಡಿಯಿತು. ಒಂದು ಹಕ್ಕಿಯೂ ಹಾರಲಿಲ್ಲ. ಮರಕುಟಿಗ ಹೆದರಿದರೆ ಗೂಡು ಬಿಟ್ಟು ಹಾರುವುದಿಲ್ಲ, ಮೊಟ್ಟೆಯ ಮೇಲೆ ಇನ್ನಷ್ಟು ಒತ್ತಿ ಕೂರುತ್ತದೆ.

ಯಂತ್ರ ದೂರ ಸರಿದ ಮೇಲೆ ಬಿಟ್ಟರು. ಬಸ್ತ್ಯಾಂವ ತುಂಡುಗಳ ನಡುವೆ ತೂತು ಹುಡುಕಿ ಮೊಣಕೈವರೆಗೆ ಕೈ ಹಾಕಿದ. ಗಂಡುಹಕ್ಕಿ ಇನ್ನೂ ಬೆಚ್ಚಗಿತ್ತು. ಕುತ್ತಿಗೆ ಮುರಿದಿತ್ತು. ಇನ್ನೆರಡು ಮೂರು ದಿನಕ್ಕೆ ಒಡೆಯಬೇಕಿದ್ದ ಎರಡು ಮೊಟ್ಟೆಗಳು ಅದರ ಹೊಟ್ಟೆಯ ಬಿಳಿ ಗರಿಗೆ ಮೆತ್ತಿಕೊಂಡಿದ್ದವು. ಸಂಜೆ ಕಾವಿನ ಸರದಿಗೆ ಹೆಣ್ಣು ಬಂತು. ಮರವಿದ್ದ ಜಾಗದಲ್ಲಿ ಗಾಳಿಯಲ್ಲೇ ಎರಡು ಸುತ್ತು ಹಾಕಿ, ಕೂರಲು ಏನೂ ಸಿಗದೆ ಹೋಯಿತು. ಇಂದುಮತಿ ಅತ್ತಳು. ಬಸ್ತ್ಯಾಂವ ಅಳಲಿಲ್ಲ, ಹಕ್ಕಿಯನ್ನು ತನ್ನ ತಲೆಯ ವಸ್ತ್ರದಲ್ಲಿ ಸುತ್ತಿಕೊಂಡು ಹೋದ.

ಮುಂದಿನ ಎರಡು ದಿನ ಅವಳು ಶಿಬಿರ ಬಿಟ್ಟು ಹೊರಗೆ ಬರಲಿಲ್ಲ. ಕುಟ್ಟುಗಿವಿ ಯಾಕೆ ಕಿವುಡಾಯಿತು? ಹೊನ್ನೆಕೊಳ್ಳದ ಒಂದೊಂದು ಸದ್ದನ್ನೂ ತೆಗೆದು ನೋಡಿದಳು. ಮತ್ತಿ ಮರದ ಕುಟ್ಟುಗಿವಿ ಕಿವುಡಾಗಿರಲಿಲ್ಲ. ದಿನವೂ ಬೆಳಿಗ್ಗೆ ಆರೂವರೆಗೆ, ಸಂಜೆ ಐದೂವರೆಗೆ, ಒಳಗಿನಿಂದ ಮೆಲ್ಲನೆ ನಾಲ್ಕೈದು ತಟ್ಟು. ಗಂಡು ಹೆಣ್ಣು ಕಾವಿನ ಸರದಿ ಬದಲಿಸುವಾಗ ಒಂದಕ್ಕೊಂದು ಹೇಳುವ ಮಾತು ಅದು. ಕುಟ್ಟುಗಿವಿ ಅಷ್ಟನ್ನೂ ಬರೆದುಕೊಂಡಿತ್ತು. ಎದುರಿಗೆ ಷರಾ ಹಾಕಿತ್ತು: ‘ಮರ ಕೊರೆಯುವ ಹುಳು.’ ಬೆಳಿಗ್ಗೆ ಹುಳು, ಸಂಜೆ ಹುಳು, ಹತ್ತು ದಿನವೂ ಹುಳು. ಗಡಿಯಾರ ನೋಡಿಕೊಂಡು ಮರ ಕೊರೆಯುವ ಹುಳು ಲೋಕದಲ್ಲಿ ಎಲ್ಲಿದೆ? ಆದರೆ ಹುಳುಗಳ ಪಟ್ಟಿಯನ್ನು ತೆಗೆದು ನೋಡುವ ಪದ್ಧತಿ ಯಾರಿಗೂ ಇರಲಿಲ್ಲ, ಅವಳಿಗೂ ಇರಲಿಲ್ಲ.

ಈ ತಟ್ಟು ‘ಮಾದರಿ ಸದ್ದಿಗೆ’ ಹೊಂದುವುದಿಲ್ಲ ಎಂದು ಕುಟ್ಟುಗಿವಿ ಕಾರಣ ಕೊಟ್ಟಿತ್ತು. ಮಾದರಿ ಸದ್ದು ಎಂದರೆ ಕುಟ್ಟುಗಿವಿಗೆ ಅಕ್ಷರಾಭ್ಯಾಸ ಮಾಡಿಸಿದ ಸದ್ದು. ಎಂಟು ವರ್ಷದ ಹಿಂದೆ ಬಿದಿರುದಾರಿಯಲ್ಲಿ ಒಂದು ತಿಂಗಳು ಧ್ವನಿಪೆಟ್ಟಿಗೆಗಳನ್ನು ಇಟ್ಟು ಅವಳೇ ಸಂಗ್ರಹಿಸಿದ್ದು. ಅದರಲ್ಲಿ ಅತ್ಯಂತ ಸ್ಪಷ್ಟವಾಗಿದ್ದ ಏಳನೆಯ ಮಾದರಿಯನ್ನು ‘ಆರೋಗ್ಯವಂತ ಗಂಡು’ ಎಂದು ಗುರುತಿಸಿ, ಉಳಿದೆಲ್ಲ ಹಕ್ಕಿಗಳನ್ನು ಅದಕ್ಕೆ ಹೋಲಿಸಿ ತೂಗಲು ಕಲಿಸಿದ್ದಳು.

ಆ ಹನ್ನೊಂದು ಗಂಡುಹಕ್ಕಿಗಳನ್ನಾದರೂ ಕಣ್ಣಿಂದ ನೋಡೋಣವೆಂದು ಮೂರನೆಯ ದಿನ ಒಬ್ಬಳೇ ಬಿದಿರುದಾರಿಗೆ ಹೋಗಿ, ಒಣಗಿದ ನಂದಿ ಮರದ ಹತ್ತಿರ ಕುಳಿತಳು. ಮೊದಲೆರಡು ವರ್ಷ ಇಲ್ಲಿ ಹಕ್ಕಿಗಳನ್ನು ಕಂಡಿದ್ದಳು. ಆಮೇಲೆ ಎಣಿಸುವ ಕೆಲಸವನ್ನು ಯಂತ್ರಕ್ಕೆ ಬಿಟ್ಟು ಧಾರವಾಡದ ಪರದೆಯ ಮುಂದೆ ಕುಳಿತವಳು ಈ ದಾರಿ ತುಳಿದೇ ಆರು ವರ್ಷವಾಗಿತ್ತು. ಬೆಳಗು ಕಳೆಯಿತು. ಯಾವ ಹಕ್ಕಿಯೂ ಬರಲಿಲ್ಲ. ಹತ್ತು ಗಂಟೆಯ ಸುಮಾರಿಗೆ ದಾರಿಯ ತಿರುವಿನಾಚೆ, ಬಹಳ ಹತ್ತಿರದಲ್ಲಿ, ಟಕ್, ಟಕ್, ಟಕ್ ಟಕ್, ಟಕಟಕಟಕ. ಕೈಯಲ್ಲಿದ್ದ ಪುಟ್ಟ ಪರದೆ ಬೆಳಗಿತು. ‘ಕರಿ ಮರಕುಟಿಗ. ಗಂಡು. ವಯಸ್ಕ. ಆರೋಗ್ಯ ಉತ್ತಮ. ಮಾದರಿ ಏಳಕ್ಕೆ ನೂರಕ್ಕೆ ತೊಂಬತ್ತೊಂಬತ್ತು ಸಾಮ್ಯ.’

ಅವಳು ಉಸಿರು ಹಿಡಿದು ಎದ್ದಳು. ತಿರುವಿನಿಂದ ಬಸ್ತ್ಯಾಂವ ಬಂದ. ಕೈಯಲ್ಲಿ ಬಿದಿರಿನ ಬಡಿಗೆ ಇತ್ತು.

“ನೀನು... ಈಗ ಕುಟ್ಟಿದ್ದು ನೀನೇನು?”

“ಹೂಂರಿ.”

“ಯಾಕ?”

ಬಸ್ತ್ಯಾಂವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಯಾಕಂದ್ರ? ಮಂದಿ ಮನಿ ಹೊಗೂ ಮುಂದ ಕೆಮ್ಮಂಗಿಲ್ಲೇನ್ರಿ? ಒಳಗ ಕರಡಿ ಇರ್ತೈತಿ. ಸುಮ್ನ ಹೋಗಿ ಮಾರೀಗೆ ಮಾರಿ ಆದ್ರ ಬಿಡೂದಿಲ್ಲದು. ಬಡಿಗಿ ತಗೊಂಡು ಪೊಳ್ಳ ಮರಕ್ಕ ಬಡದ್ರ ಸರ್ಕೊಂಡು ಹೋಗ್ತೈತಿ.”

“ಆದ್ರ ಹಕ್ಕಿ ಹಂಗ ಯಾಕ?”

“ನಮ್ಮ ಮುತ್ಯಾನ ಕಾಲದಾಗಿಂದ ಹಂಗ ಐತ್ರಿ. ಧಡ್ ಧಡ್ ಅಂತ ಬಡದ್ರ ಕೊಡ್ಲಿ ಸಪ್ಪಳಂತ ಗಾರ್ಡ್ ಓಡಿ ಬರ್ತಿದ್ದ. ಜೇನಿಗೆ, ಪುಳ್ಳಿಗೆ ಹ್ವಾದವ್ರನ್ನ ಹಿಡದು ಬಡೀತಿದ್ದ. ಅದಕ್ಕ ಹಕ್ಕಿ ಹಂಗ ಬಾರ್ಸೂದು ಕಲ್ತ್ರು. ಕರಡಿಗೆ ಮನಷಾ ಬಂದಾ ಅಂತ ಗೊತ್ತಾಗಬೇಕು, ಗಾರ್ಡಿಗೆ ಹಕ್ಕಿ ಅನಸ್ಬೇಕು. ಈ ಕಡೆ ಕಾಡಿಗೆ ಹೋಗಾವ್ರೆಲ್ಲಾ ಹಂಗ ಬಡೀತಿದ್ರು. ಈಗ ನಾ ಒಬ್ಬಾವ ಉಳದೇನಿ.”

“ನನ್ನ ಕೂಡ ಬಂದಾಗ ಒಮ್ಮೆನೂ ಬಡೀಲಿಲ್ಲಲ್ಲ ನೀ?”

“ನೀವು ಮಾತಾಡ್ಕೋತ ಬರ್ತೀರಲ್ರಿ. ಕರಡಿಗೆ ಅದ ಸಾಕು.”

ಇಂದುಮತಿ ಮರದ ಬೇರಿನ ಮೇಲೆ ಕುಳಿತಳು. ಎಂಟು ವರ್ಷದ ಹಿಂದೆ ಧ್ವನಿಪೆಟ್ಟಿಗೆಗಳ ಬ್ಯಾಟರಿ ಬದಲಿಸಲು ವಾರಕ್ಕೆರಡು ಸಲ ಒಬ್ಬನೇ ಬರುತ್ತಿದ್ದವನು ಇವನು. ಪೆಟ್ಟಿಗೆಗಳನ್ನು ಕಟ್ಟಿದ್ದು ಪೊಳ್ಳು ಮರಗಳಿಗೆ. ಏಳನೆಯ ಮಾದರಿ, ಆ ಆರೋಗ್ಯವಂತ ಗಂಡು, ಹಕ್ಕಿಯಲ್ಲ. ಅದು ಬಸ್ತ್ಯಾಂವ. ಅವನು ಬಡಿಯುವ ಪೊಳ್ಳು ಮರಗಳು ಈ ದಾರಿಯಲ್ಲಿ ಎಷ್ಟಿವೆ ಎಂದು ಕೇಳಿದಳು. ಅವನು ಬೆರಳು ಮಡಿಸಿ ಎಣಿಸಿ, ಹನ್ನೊಂದು ಎಂದ.

ಎಲ್ಲವನ್ನೂ ಅವನಿಗೆ ಬಿಡಿಸಿ ಹೇಳಬೇಕಾಯಿತು. ಹೇಳದೆ ಇರಬಹುದಿತ್ತು; ಆ ಹೊತ್ತಿನಲ್ಲಿ ಅವಳಿಗೆ ಅಷ್ಟು ಬುದ್ಧಿ ಓಡಲಿಲ್ಲ. ನಿಜವಾದ ಹಕ್ಕಿ ಬಸ್ತ್ಯಾಂವನ ಬಡಿತದ ಮುಂದೆ ಯಂತ್ರಕ್ಕೆ ಹುಳುವಾಗಿ ಕೇಳಿಸಿತು. ಅವನು ಬಡಿದ ಕಡೆ ಕಾಡು ಉಳಿಯಿತು, ಬಡಿಯದ ಕಡೆ ರಸ್ತೆ ಹೋಯಿತು.

ಬಸ್ತ್ಯಾಂವ ಕೈಯಲ್ಲಿದ್ದ ಬಡಿಗೆಯನ್ನು ತಿರುಗಿಸಿ ನೋಡಿದ.

“ಅಂದ್ರ ಹೊನ್ನೆಕೊಳ್ಳದಾಗ ನಾ ಒಂದ ಸಲ ಬಡದಿದ್ರ...”

“ಯಂತ್ರ ನಿಲ್ತಿತ್ತು.”

“ಬಾಣಂತಿ ಐತಿ ಅಂತ ಸುಮ್ನಿದ್ನಿರಿ ನಾ. ಕಾವಿಗೆ ಕುಂತಾಗಿಂದ ಆ ಕಡೆ ಬಡಿಗೀನ ಎತ್ತಿರ್ಲಿಲ್ಲ. ಮರ್ಯಾದಿ ಮಾಡಿದ್ನಿ. ನನ್ನ ಮರ್ಯಾದೀನ ಅದನ್ನ ಕೊಂದ್ತೇನ್ರಿ ಬಾಯಾರ?”

ಬಸ್ತ್ಯಾಂವ ಬಡಿಗೆಯನ್ನು ನಂದಿ ಮರದ ಬುಡಕ್ಕೆ ಒರಗಿಸಿಟ್ಟು, ಇನ್ನು ಈ ಕೈ ಮರ ಮುಟ್ಟುವುದಿಲ್ಲ ಎಂದು ಹೇಳಿ, ಬಂದ ದಾರಿಯಲ್ಲೇ ಹಿಂತಿರುಗಿದ. ಕರಡಿ ಸಿಕ್ಕರೆ ಸಿಗಲಿ ಎಂಬಂತೆ ಸದ್ದಿಲ್ಲದೆ ಹೋದ.

ಆ ದಿನದಿಂದ ಬಿದಿರುದಾರಿ ನಿಶ್ಶಬ್ದವಾಯಿತು. ಒಂದು ದಿನ, ಎರಡು ದಿನ. ಐದನೆಯ ದಿನ ಗುರುನಾಥನೇ ಬಂದು ಕೂತ. “ಮೇಡಂ, ಬಿದಿರುದಾರ್ಯಾಗ ಕುಟ್ಟು ಕೇಳವಲ್ದು. ಹತ್ತ ದಿನಾ ಆದ್ರ ದಾರಿಗಣಕ ವಾಪಸ್ ಸೀದಾ ದಾರಿ ಹಿಡೀತೈತಿ. ಸುತ್ತುದಾರಿ ತಪ್ಪತೈತಿ ಅಂತ ಮ್ಯಾಲಿನವ್ರಿಗೆ ಖುಷಿ. ನಿಮಗ ಹೇಳ್ಬೇಕನಿಸ್ತು.”

ಅವಳಿಗೆ ಬೇರೆ ಏನೂ ಉಳಿದಿರಲಿಲ್ಲ, ಆ ಕಾಡೊಂದು ಉಳಿದಿತ್ತು. ಹೊನ್ನೆಕೊಳ್ಳದ ಹೆಣ್ಣುಹಕ್ಕಿ ಈಗ ಬಿದಿರುದಾರಿಯ ನಂದಿ ಮರದಲ್ಲಿ ರಾತ್ರಿ ತಂಗುತ್ತಿತ್ತು. ಅವಳೇ ಕಣ್ಣಾರೆ ಕಂಡಿದ್ದಳು. ಆದರೆ ಅದು ಕುಟ್ಟುತ್ತಿರಲಿಲ್ಲ, ಯಾರನ್ನೆಂದು ಕರೆಯಬೇಕು? ಇಂದುಮತಿ ಬಸ್ತ್ಯಾಂವ ಬಿಟ್ಟುಹೋದ ಬಡಿಗೆ ತೆಗೆದುಕೊಂಡು ತಾನೇ ಬಡಿದಳು. ‘ಗುರುತಿಲ್ಲದ ಸದ್ದು,’ ಎಂದಿತು ಕುಟ್ಟುಗಿವಿ. ಮತ್ತೆ ಬಡಿದಳು. ‘ಕೊಂಬೆ ಮುರಿದ ಸದ್ದು.’ ಮೂರು ದಿನ ಬಡಿದಳು, ಅಂಗೈಗೆ ಬೊಬ್ಬೆ ಬಂತು. ಯಾರೂ ಮೋಸ ಮಾಡಬಾರದು ಎಂದು ಕಟ್ಟಿದ ಯಂತ್ರಕ್ಕೆ ಕಟ್ಟಿದವಳೇ ಮೋಸ ಮಾಡಲಾಗಲಿಲ್ಲ.

ಒಂಬತ್ತನೆಯ ದಿನ ಬಸ್ತ್ಯಾಂವನ ಮನೆಗೆ ಹೋದಳು. ಅವನು ಅಂಗಳದಲ್ಲಿ ಸುಮ್ಮನೆ ಕೂತಿದ್ದ. ಅಂಗಳದ ಮೂಲೆಯಲ್ಲಿ ಗೇಣುದ್ದದ ಮಣ್ಣಿನ ದಿಬ್ಬ, ಮೇಲೆ ಕಡ್ಡಿಯ ಶಿಲುಬೆ.

“ನಾ ಬಡ್ಯಂಗಿಲ್ರಿ,” ಎಂದ, ಅವಳು ಬಾಯಿ ತೆರೆಯುವ ಮೊದಲೇ.

“ನೀ ಬಡೀಬ್ಯಾಡ. ನನಗ ಕಲಿಸು.”

ಅವನು ಅವಳ ಬೊಬ್ಬೆ ಬಂದ ಅಂಗೈ ನೋಡಿದ. ಆಮೇಲೆ ಎದ್ದು ಬಂದ. ನಂದಿ ಮರದ ಮುಂದೆ ನಿಂತು, ಅವಳ ಮಣಿಕಟ್ಟು ಹಿಡಿದುಕೊಂಡ.

“ಇಷ್ಟ ಬಿಗಿ ಹಿಡದ್ರ ಬಡಿಗಿ ಸಾಯ್ತೈತ್ರಿ. ಸಡ್ಲ ಬಿಡ್ರಿ. ನೀವು ಒಂದ ಏಟು ಕೊಡೂದು, ಉಳಿದದ್ದು ಅದ ಪುಟೀತೈತಿ. ಮೊದ್ಲ ದೂರ ದೂರ, ಆಮ್ಯಾಲ ತಾನ ಹತ್ರ ಹತ್ರ ಬರ್ತೈತಿ. ನೀವು ಮಾಡಾಕ ಹೋಗಬ್ಯಾಡ್ರಿ. ಆಗಾಕ ಬಿಡ್ರಿ.”

ಎಸೆದ ಚೆಂಡು ಪುಟಿಯುತ್ತ ಪುಟಿಯುತ್ತ ಬಿಡುವು ಕಡಿಮೆಯಾಗುವ ನಿಯಮವನ್ನು ಅವಳು ಕಾಲೇಜಿನಲ್ಲಿ ಓದಿದ್ದಳು. ಕೈಗೆ ಅದನ್ನು ಕಲಿಸಲು ಇಡೀ ದಿನ ಹಿಡಿಯಿತು. ಹತ್ತನೆಯ ದಿನ ಬೆಳಿಗ್ಗೆ, ಗಡುವಿಗೆ ಮೂರು ಗಂಟೆ ಇರುವಾಗ, ಬಡಿಗೆ ಅವಳ ಸಡಿಲ ಬೆರಳುಗಳಲ್ಲಿ ತಾನಾಗಿ ಪುಟಿಯಿತು. ಪರದೆ ಬೆಳಗಿತು.

‘ಕರಿ ಮರಕುಟಿಗ. ಗಂಡು. ಎಳೆಯದು. ಆರೋಗ್ಯ ಸಾಧಾರಣ.’

ಬಸ್ತ್ಯಾಂವನಿಗೆ ಓದಿ ಹೇಳಿದಳು. ಅವನು ಎಷ್ಟೋ ದಿನಗಳ ಮೇಲೆ ನಕ್ಕ. ಆಮೇಲೆ ಇಬ್ಬರೂ ಅತ್ತರು.

ಎಳೆಯದು ಎಂಬ ಆ ಒಂದು ಮಾತಿಗೆ ಏನಾಗಬಹುದೆಂದು ಇಬ್ಬರಿಗೂ ಹೊಳೆದಿರಲಿಲ್ಲ. ವಾರದೊಳಗೆ ಪತ್ರಿಕೆಗಳಲ್ಲಿ ಸುದ್ದಿ ಬಂತು: ಹೆದ್ದಾರಿ ಬಂದ ಮೇಲೆ ಮಾವಳ್ಳಿ ಕಾಡಿನಲ್ಲಿ ಮೊದಲ ಮರಿ. ಹೊನ್ನೆಕೊಳ್ಳದ ಸೇತುವೆಯ ಮೇಲೆ ಕೆಂಪು ತಲೆಯ ಹಕ್ಕಿಯ ದೊಡ್ಡ ಚಿತ್ರ ಹಾಕಿದರು. ದಿಲ್ಲಿಯಿಂದ ಪ್ರಶಸ್ತಿ ಬಂತು. ಅದರ ಹಿಂದೆಯೇ ಒಂದು ಪತ್ರ: ಕುಟ್ಟುಗಿವಿಯ ಯಶಸ್ಸನ್ನು ನೋಡಿ, ಇದೇ ಯಂತ್ರದ ಆಧಾರದ ಮೇಲೆ ಬೇರೆ ಆರು ಕಾಡುಗಳಲ್ಲಿ ಹೆದ್ದಾರಿಗೆ ಒಪ್ಪಿಗೆ ಕೊಡಲಾಗಿದೆ. ತಮ್ಮ ಸಹಿ ಬೇಕು.

ಇಂದುಮತಿ ಸಹಿ ಹಾಕಲಿಲ್ಲ. ನಿಜ ಹೇಳಿದರೆ ಬಿದಿರುದಾರಿ ಹೋಗುತ್ತದೆ, ಅಲ್ಲಿರುವ ಒಂಟಿ ಹಕ್ಕಿಯೂ ಹೋಗುತ್ತದೆ. ಹೇಳದಿದ್ದರೆ ಆರು ಕಾಡು ಹೋಗುತ್ತವೆ. ಬಸ್ತ್ಯಾಂವನನ್ನು ಕೇಳಿದಳು. “ಅಲ್ಲಿನೂ ಹಕ್ಕಿ ಕಾವಿಗೆ ಕುಂತಿರ್ತಾವಲ್ರಿ,” ಎಂದ ಅವನು. ಅವಳು ಇಪ್ಪತ್ತೆರಡು ಪುಟ ಬರೆದಳು. ಏಳನೆಯ ಮಾದರಿ ಯಾರು, ಹುಳು ಯಾವುದು, ಮರಿ ಯಾರು, ಒಂದನ್ನೂ ಮುಚ್ಚಿಡಲಿಲ್ಲ. ನಾನು ತಪ್ಪಿತಸ್ಥಳು, ಕುಟ್ಟುಗಿವಿಗಳನ್ನು ಕಿತ್ತು ಬಿಸಾಡಿ ಎಂದು ಕೊನೆಯಲ್ಲಿ ಬರೆದು ಕಳಿಸಿದಳು.

ಉತ್ತರಕ್ಕೆ ಬಹಳ ಕಾಯಬೇಕಾಗಲಿಲ್ಲ. ತಮ್ಮ ಪತ್ರವನ್ನು ಸಮಿತಿ ಗೌರವದಿಂದ ಪರಿಶೀಲಿಸಿದೆ. ಮಾವಳ್ಳಿ ಕಾಡಿನಲ್ಲಿ ಮನುಷ್ಯರು ಮರ ಕುಟ್ಟಿದ ಪ್ರಸಂಗಗಳೆಷ್ಟು ಎಂದು ಕುಟ್ಟುಗಿವಿಗಳ ದಾಖಲೆಯನ್ನು ಕೇಳಲಾಯಿತು. ಸೊನ್ನೆ ಎಂಬ ಉತ್ತರ ಬಂದಿದೆ. ಇದಕ್ಕೆ ವಿರುದ್ಧವಾದ ತಮ್ಮ ಹೇಳಿಕೆ ಮನುಷ್ಯಸಾಕ್ಷಿಯಾದುದರಿಂದ ಒಂಬತ್ತನೆಯ ಕಲಮಿನ ಪ್ರಕಾರ ಸ್ವೀಕಾರಾರ್ಹವಲ್ಲ. ತಮ್ಮ ಸಹಿಯ ಅಗತ್ಯವೂ ಈಗ ಉಳಿದಿಲ್ಲ. ತಾವು ಕೆಲವು ದಿನ ವಿಶ್ರಾಂತಿ ಪಡೆಯಬೇಕೆಂದು ಸಮಿತಿಯ ಕಳಕಳಿಯ ಸಲಹೆ.

ಆರೂ ಕಾಡುಗಳಿಗೆ ದಾರಿಹಾಸುಕಗಳು ಹೊರಟವು. ಅಲ್ಲೆಲ್ಲ ಬಡಿಗೆ ಹಿಡಿದು ನಡೆಯುವವರು ಯಾರೂ ಇರಲಿಲ್ಲವಂತೆ. ಯಂತ್ರಗಳು ಎಲ್ಲೂ ನಿಲ್ಲದೆ ನೆಟ್ಟಗೆ ಹೋದವು ಎಂದು ಗುರುನಾಥನೇ ಒಂದು ದಿನ ಫೋನ್ ಮಾಡಿ ಹೇಳಿದ. ಅವನ ದನಿಯಲ್ಲಿ ಖುಷಿ ಇರಲಿಲ್ಲ.

ಧಾರವಾಡದ ಕೆಲಸ ಬಿಟ್ಟು ಅವಳು ಈಗ ಮಾವಳ್ಳಿಯಲ್ಲೇ ಇದ್ದಾಳೆ. ಬೆಳಿಗ್ಗೆ ಬಸ್ತ್ಯಾಂವ ಬರುತ್ತಾನೆ; ಅವನು ಮುಂದೆ, ಅವಳು ಬಡಿಗೆ ಹಿಡಿದು ಹಿಂದೆ. ಹನ್ನೊಂದು ಪೊಳ್ಳು ಮರಗಳಿಗೆ ಅವಳು ಒಂದೊಂದು ಸಲ ಬಡಿಯುತ್ತಾಳೆ. ಹನ್ನೊಂದು ಗಂಡುಹಕ್ಕಿಗಳು ಕ್ಷೇಮವೆಂದು ದಾಖಲೆಯಾಗುತ್ತದೆ, ಬಿದಿರುದಾರಿ ಇನ್ನೂ ಹತ್ತು ದಿನ ಉಳಿಯುತ್ತದೆ. ಅಪರೂಪಕ್ಕೊಮ್ಮೆ ನಂದಿ ಮರದ ಕಡೆಯಿಂದ ಒಂಟಿ ಹೆಣ್ಣು ಮೆಲ್ಲಗೆ ನಾಲ್ಕೈದು ತಟ್ಟಿ ಉತ್ತರ ಕೊಡುತ್ತದೆ. ಬಾರದ ಗಂಡಿಗಾಗಿ ಅದನ್ನು ಕಾಯಿಸುತ್ತಿದ್ದೇನಲ್ಲ ಎಂದು ಇಂದುಮತಿ ಬಡಿಗೆ ಕೆಳಗಿಳಿಸುತ್ತಾಳೆ. ಕೈಯಲ್ಲಿರುವ ಪರದೆ ‘ಹುಳು’ ಎಂದು ಬರೆದುಕೊಳ್ಳುತ್ತದೆ. ಅವಳು ಅದನ್ನು ತಿದ್ದಲು ಹೋಗುವುದಿಲ್ಲ.

ತಿರುಗಿ ಬರುವ ದಾರಿ ಹೊನ್ನೆಕೊಳ್ಳದ ಮೇಲೆ. ಅಲ್ಲಿ ಈಗ ಹಗಲಿಡೀ ಲಾರಿಗಳು ಹಾರ್ನ್ ಹೊಡೆಯುತ್ತ ಓಡುತ್ತವೆ. ರಸ್ತೆಯ ಪಕ್ಕದಲ್ಲಿ ಮತ್ತಿ ಮರದ ಬುಡ ಉಳಿದಿದೆ. ಆ ಗದ್ದಲದ ನಡುವೆಯೂ ಅಂಚಿಗೆ ಬರುತ್ತಲೇ ಬಸ್ತ್ಯಾಂವ ಮಾತು ನಿಲ್ಲಿಸಿ, ಹಿಂದೆ ತಿರುಗಿ ಕೈ ಸನ್ನೆ ಮಾಡುತ್ತಾನೆ. ಇಂದುಮತಿ ಬಡಿಗೆಯನ್ನು ಸೆರಗಿನೊಳಗೆ ಇಟ್ಟುಕೊಳ್ಳುತ್ತಾಳೆ. ಇಬ್ಬರೂ ಸದ್ದಾಗದಂತೆ ಹೆಜ್ಜೆ ಇಟ್ಟು ದಾಟಿ ಹೋಗುತ್ತಾರೆ.